ಸವತಿಗೆ ಗಿರಾಕಿ ಬಂದ ದಿನ

ಆ ಕಾರಿಗೆ 'ಸವತಿ' ಅಂತ ಹೆಸರಿಟ್ಟದ್ದು ಅತ್ತೆಯೇ. ಇಂಗ್ಲೆಂಡಿನಲ್ಲಿ ಹುಟ್ಟಿದ, ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡೇ ಓಡುವ ಹಸಿರು ಸ್ಪೋರ್ಟ್ಸ್ ಕಾರು. ಮಾವ ಬದುಕಿದ್ದಾಗ ರಜೆ ಬಂತೆಂದರೆ ಅದರ ಕೆಳಗೆ ತೂರಿಕೊಂಡುಬಿಡುತ್ತಿದ್ದರಂತೆ. "ನನ್ನ ಪಕ್ಕ ಮಲಗಿದ್ದಕ್ಕಿಂತ ಅದರ ಕೆಳಗೆ ಮಲಗಿದ್ದೇ ಜಾಸ್ತಿ" ಎಂದು ಅತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಮಾವ ಹೋದರು. ಅತ್ತೆ ಕಣ್ಣೊರೆಸಿಕೊಂಡು, ಕಪ್ಪು ಕನ್ನಡಕ ಏರಿಸಿಕೊಂಡು, ಸವತಿಯ ಮೇಲೆ ಸವಾರಿ ಶುರು ಮಾಡಿದರು.

ಓಡಿಸುವುದು ಅತ್ತೆ, ಉಳಿಸುವುದು ಸೊಸೆ. ಸೊಸೆ ಹುಟ್ಟಿ ಬೆಳೆದದ್ದೇ ಅಪ್ಪನ ವೆಲ್ಡಿಂಗ್ ಅಂಗಡಿಯಲ್ಲಿ, ಗೇಟು ಮತ್ತು ಕಿಟಕಿ ಸರಳುಗಳ ನಡುವೆ. ಈಗಲೂ ಅದೇ ಕಸುಬು, ಬೇರೆಯವರ ಅಂಗಡಿಯಲ್ಲಿ. ಮದುವೆಯಾಗಿ ಬಂದ ಹೊಸತರಲ್ಲೇ ಅತ್ತೆ ಅವಳನ್ನು ಗ್ಯಾರೇಜಿಗೆ ಕರೆದೊಯ್ದು, "ಬೇರೆ ಮನೇಲಿ ಸೊಸೆ ಕೈಗೆ ಬೀಗದ ಕೈ ಕೊಡ್ತಾರೆ. ನಾನು ಸ್ಪ್ಯಾನರ್ ಕೊಡ್ತಿದೀನಿ. ನನ್ನಂಥ ಅತ್ತೆ ಸಿಗಲ್ಲ" ಎಂದಿದ್ದರು. ಕೊನೆಯ ಮಾತು ಮಾತ್ರ ಅಪ್ಪಟ ಸತ್ಯವಾಗಿತ್ತು.

ಕಲಿತಳು. ಎಂಜಿನ್ನಿನ ಪಕ್ಕದಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಅವಳಿಜವಳಿ ಕಾರ್ಬೊರೇಟರುಗಳು. ಎರಡೂ ಒಂದೇ ಸಮ ಉಸಿರಾಡಬೇಕು. ರಬ್ಬರ್ ಕೊಳವೆಯ ಒಂದು ತುದಿ ಒಂದೊಂದರ ಬಾಯಿಗೆ, ಇನ್ನೊಂದು ತನ್ನ ಕಿವಿಗೆ ಇಟ್ಟುಕೊಂಡು ಸ್ಕ್ರೂ ತಿರುಗಿಸುತ್ತಾ ಕೂರುತ್ತಿದ್ದಳು. ಒಂದು ಬುಸುಗುಟ್ಟಿ ಇನ್ನೊಂದು ಗೊರಕೆ ಹೊಡೆದರೆ ಗಾಡಿ ಕೆಮ್ಮುತ್ತದೆ. ಬಾಗಿಲುಗಳ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ, ಪೆಟ್ಟಿಗೆಯಂಥ ತಗಡಿನ ತೊಲೆಗಳಿದ್ದವು. ಸೂರಿಲ್ಲದ ಗಾಡಿಗೆ ಆ ಎರಡು ತೊಲೆಗಳೇ ಬೆನ್ನುಮೂಳೆ. ಅವು ತುಕ್ಕು ಹಿಡಿದು ಕೈಗೆ ಹಪ್ಪಳದ ಹಾಗೆ ಬಂದಾಗ, ಸೊಸೆ ಇಡೀ ಬೇಸಿಗೆ ಕೂತು ಹಳೆಯದನ್ನು ಕತ್ತರಿಸಿ, ಒಳಗಿನ ಪದರದಿಂದ ಹಿಡಿದು ಹೊಸ ಉಕ್ಕನ್ನು ಬೆಸೆದಳು. ಮತ್ತೆ ತುಕ್ಕು ಹಿಡಿಯದಿರಲೆಂದು ಒಳಗೆಲ್ಲ ಮೇಣ ತುಂಬಿ ಮುಚ್ಚಿದಳು. ಇನ್ನು ಒಳಗೇನಿದೆ ಎಂದು ಯಾರಿಗೂ ಕಾಣುವಂತಿರಲಿಲ್ಲ.

ಆದರೆ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ. ಅತ್ತೆ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವರು, ನಿವೃತ್ತಿಯಾದದ್ದು ಶಾಲೆಗೆ ಮಾತ್ರ ಗೊತ್ತಿತ್ತು. "ಒಂದೇ ಒಂದು ಸುತ್ತು ಅತ್ತೆ, ಬೀದಿ ಕೊನೆವರೆಗೆ" ಎಂದು ಸೊಸೆ ಕೇಳಿದಾಗಲೆಲ್ಲ ಒಂದೇ ಉತ್ತರ: "ಆಸ್ಪತ್ರೆ ಕಟ್ಟಿದ ಮೇಸ್ತ್ರಿ, ಆಪರೇಷನ್ನೂ ನಾನೇ ಮಾಡ್ತೀನಿ ಅಂತಾನೇನೇ?"

ಸೊಸೆ ಕಾದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲವಲ್ಲ. ತಗ್ಗಿನ ಸೀಟಿಗೆ ಇಳಿಯುವಾಗ ಅತ್ತೆಯ ಸೊಂಟ 'ಕಟ್' ಎಂದರೆ ಸಾಕು, ಸೊಸೆಯ ಎದೆಯೊಳಗೆ ವಾಲಗ ಊದುತ್ತಿತ್ತು. ಪಾಪ ಅನಿಸುತ್ತಿರಲಿಲ್ಲವೇ ಅಂದರೆ, ಇಲ್ಲ, ಅನಿಸುತ್ತಿರಲಿಲ್ಲ.

ಕಾಲ ಬಂದದ್ದು ಔಷಧಿ ಅಂಗಡಿಯ ಮುಂದೆ. ಅತ್ತೆ ಮಾತ್ರೆ ತರಲು ಹೋದವರು ಗಾಡಿಯಿಂದ ಮೇಲೇಳಲಾಗದೆ ಅಲ್ಲೇ ಕೂತುಬಿಟ್ಟರು. ಹಾರ್ನ್ ಹೊಡೆದರು. ಫೋನ್ ಮಾಡಿದರು. ಮಗ ಸೊಸೆ ಓಡಿಬಂದರು. ಮಗ ಒಂದು ರಟ್ಟೆ, ಔಷಧಿ ಅಂಗಡಿಯವನು ಇನ್ನೊಂದು ರಟ್ಟೆ ಹಿಡಿದು, "ಒಂದು, ಎರಡು, ಹೂಂ" ಎಂದು ಎಳೆದರು. ಅತ್ತೆಯ ಬಲಗಾಲಿನ ಶೂ ಪೆಡಲಿನ ಕೆಳಗೆ ಸಿಕ್ಕಿಕೊಂಡು, ಕಾಲು ಮಾತ್ರ ಹೊರಗೆ ಬಂತು. ಸುತ್ತ ಜನ. ಬಾಗಿಲು ಹಿಡಿದು ನಿಂತಿದ್ದ ಸೊಸೆ ತುಟಿ ಕಚ್ಚಿದಳು. ಬಾಯಿ ಮುಚ್ಚಿದರೆ ನಗು ಮೂಗಿನಿಂದ ಬಂತು.

ಅತ್ತೆ ಅವಳನ್ನು ನೋಡಿದರು. ಒಂದು ಕಾಲಲ್ಲಿ ಶೂ, ಇನ್ನೊಂದು ಬರಿಗಾಲು. ಹಾಗೇ ನಿಂತು ಕೀಲಿಕೈಯನ್ನು ಮಗನ ಕೈಗೆ ಕೊಟ್ಟರು. ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕುವ ಆ ಮಹರಾಯ, ಬೆವರು ಸುರಿಸುತ್ತಾ, ಮನೆಯವರೆಗೂ ಮೊದಲನೇ ಗೇರಿನಲ್ಲೇ ಬಂದ. ಅತ್ತೆ ಆಟೋ ಹತ್ತಿದರು. ಗಾಡಿಯ ಹಿಂದೆ ಸೊಸೆ ನಡೆದುಕೊಂಡು ಬಂದಳು. ಗಾಡಿಗಿಂತ ಅವಳೇ ಮೊದಲು ಮನೆ ತಲುಪಿದಳು.

ಮರುದಿನ ಬೆಳಗ್ಗೆ ಅತ್ತೆ ಚಹಾಕ್ಕೆ ಸಕ್ಕರೆ ಕಲಕುತ್ತಾ ಹೇಳಿದರು: "ಸವತೀನ ಮಾರ್ತಿದೀನಿ. ಇವತ್ತು ಗಿರಾಕಿ ಬರ್ತಾನೆ."

ಸೊಸೆ ಲೋಟ ಕೆಳಗಿಟ್ಟಳು. "ಅತ್ತೆ... ಮಾರೋದ್ಯಾಕೆ? ನಾನು ಇಟ್ಕೋತೀನಿ. ನೋಡ್ಕೋತೀನಿ."

"ಯಾಕೆ, ನಗೋಕಾ? ನಗೋಕೆ ಬೇರೆ ಏನಾದ್ರೂ ಇಟ್ಕೋ. ಗಂಡ ಇದಾನಲ್ಲ."

"ಅಮ್ಮಾ!" ಎಂದ ಗಂಡ.

"ನೋಡು, ಈಗ್ಲೂ ನಗು ಬರ್ತಿದೆ ಅವಳಿಗೆ."

ಬರುತ್ತಿರಲಿಲ್ಲ. ಗಂಡ ಇಬ್ಬರ ಮುಖವನ್ನೂ ನೋಡಿ, "ಇಬ್ಬರು ಹೇಳೋದ್ರಲ್ಲೂ ಅರ್ಥ ಇದೆ" ಎಂದು ಕೆಲಸಕ್ಕೆ ರಜೆ ಹಾಕಿದ.

ಗಿರಾಕಿಯನ್ನು ಹಳೆ ಗಾಡಿಯ ವ್ಯಾಪಾರದವರೆಲ್ಲ 'ಮ್ಯಾಗ್ನೆಟ್' ಎಂದು ಕರೆಯುತ್ತಿದ್ದರು. ಬಣ್ಣಕ್ಕೆ ಗೀರು ಬೀಳದಂತೆ ಮೆತ್ತನೆ ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ಅವನ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು. ಅದನ್ನು ಗಾಡಿಯ ಮೈಮೇಲೆ ಆಡಿಸುತ್ತಾ ಹೋಗುವುದು. ಕಚ್ಚಿದ ಕಡೆ ಉಕ್ಕು; ಕಚ್ಚದ ಕಡೆ, ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದ ಮೋಸ. ಬಂದವನೇ ಮೊದಲು ನೆಲದ ಮೇಲಿನ ಎಣ್ಣೆ ಕಲೆ ನೋಡಿ ಖುಷಿಪಟ್ಟ. "ಸೋರ್ತಿದೆ, ಒಳ್ಳೇದು. ಈ ಜಾತಿ ಗಾಡಿ ಸೋರೋದು ನಿಲ್ಸಿದ್ರೆ ಒಳಗೆ ಎಣ್ಣೆ ಖಾಲಿ ಅಂತ ಅರ್ಥ." ಎಂಜಿನ್ನಿನ ನಂಬರು, ಚಾಸಿಯ ನಂಬರು ಎರಡನ್ನೂ ಗಾಡಿಯ ಆರ್.ಸಿ. ಪುಸ್ತಕದ ಜೊತೆ ತಾಳೆ ನೋಡಿದ. ಎಂಜಿನ್ ಸ್ಟಾರ್ಟ್ ಮಾಡಿಸಿ ಕಣ್ಣು ಮುಚ್ಚಿ ಕೇಳಿದ. ಆಮೇಲೆ ಮಂಡಿಯೂರಿ, ಬಾಗಿಲ ಕೆಳಗಿನ ತೊಲೆಗೆ ಅಯಸ್ಕಾಂತ ಹಿಡಿದ. ಟಕ್. ಒಂದು ಗೇಣು ಮುಂದೆ. ಟಕ್. ಈ ತುದಿಯಿಂದ ಆ ತುದಿಯವರೆಗೂ ಟಕ್ ಟಕ್.

ಅವನು ತಲೆಯೆತ್ತಿದ. "ಅಮ್ಮಾ, ಇದ್ಯಾರು ಮಾಡಿದ್ದು?"

"ನನ್ನ ಸೊಸೆ" ಎಂದರು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡಿದ್ದ ಅತ್ತೆ. "ಅವಳನ್ನೇ ಕೇಳಿ. ಸುಳ್ಳು ಹೇಳಲ್ಲ. ಅಷ್ಟು ಬುದ್ಧಿ ಇಲ್ಲ."

ಸೊಸೆಗೆ ಆ ಕ್ಷಣದಲ್ಲಿ ದಾರಿ ಕಂಡಿತು. ಗಿರಾಕಿ ಓಡಿಹೋದರೆ ಗಾಡಿ ಇಲ್ಲೇ ಉಳಿಯುತ್ತದೆ. ಅತ್ತೆಗಂತೂ ಇನ್ನು ಹತ್ತಲಾಗುವುದಿಲ್ಲ. ಅಷ್ಟೇ ಬೇಕಾದದ್ದು.

"ಹೊರಗಡೆ ತಗಡು ಮಾತ್ರ ಹೊಸದು ಸರ್" ಎಂದಳು, ಆದಷ್ಟು ಅಪರಾಧಿಯ ದನಿಯಲ್ಲಿ. "ಒಳಗೆಲ್ಲ ಹಳೇದೇ. ತುಕ್ಕು ತಿಂದು ಬೂದಿ ಆಗಿದೆ. ಮೇಲೊಂದು ತಗಡು ಬೆಸೆದು, ಮೇಣ ತುಂಬಿ ಮುಚ್ಚಿದೀನಿ. ನೋಡೋಕೆ ಚೆಂದ ಇರ್ಲಿ ಅಂತ."

ಮ್ಯಾಗ್ನೆಟ್ ಎದ್ದು ನಿಂತ. ಮಂಡಿಯ ಧೂಳು ಕೊಡವಿಕೊಂಡ. ಸೊಸೆ ಅತ್ತೆಯ ಕಡೆ ನೋಡಲಿಲ್ಲ. ನೋಡಿದ್ದರೆ, ಅತ್ತೆ ಮುಗುಳ್ನಗುತ್ತಿದ್ದದ್ದು ಕಾಣುತ್ತಿತ್ತು.

"ಹಾಗಾದ್ರೆ ಓಡಿಸೋಕೆ ಆಗಲ್ಲ" ಎಂದ ಅವನು.

"ಆಗಲ್ಲ" ಎಂದಳು ಸೊಸೆ.

"ನಡು ಮುರಿದು ಬೀಳುತ್ತೆ."

"ಬೀಳುತ್ತೆ ಸರ್. ಯಾರದಾದ್ರೂ ಜೀವ ಹೋಗುತ್ತೆ."

"ಸರಿ." ಅವನ ಮುಖದಲ್ಲಿ ಬೇಸರವೇ ಇರಲಿಲ್ಲ. "ಅಮ್ಮಾ, ಹಾಗಾದ್ರೆ ಬಿಡಿಬಿಡಿಯಾಗಿ ತಗೋತೀನಿ. ನಿಜ ಹೇಳ್ಬೇಕು ಅಂದ್ರೆ ನನಗೆ ಅದೇ ಲಾಭ. ನನ್ನ ಹತ್ರ ಇದೇ ಜಾತಿ ಗಾಡಿ ಇನ್ನೊಂದಿದೆ, ಮೈ ಗಟ್ಟಿ, ಹೊಟ್ಟೆ ಖಾಲಿ. ಇದರ ಎಂಜಿನ್ನು, ಗೇರ್ ಬಾಕ್ಸು ಅದಕ್ಕೆ. ತಂತಿ ಚಕ್ರ ಕೇಳ್ತಿರೋರು ನಾಲ್ಕು ಜನ ಇದಾರೆ. ಉಳಿದ ಮೈ ಗುಜರಿಗೆ ಹಾಕ್ತೀನಿ."

"ತಗೊಳ್ಳಿ" ಎಂದರು ಅತ್ತೆ. ಚಹಾ ಕುಡೀತೀರಾ ಎಂದು ಕೇಳುವಷ್ಟೇ ಸಲೀಸಾಗಿ.

ಸೊಸೆಗೆ ಮಾತು ಅರ್ಥವಾಗಲು ಒಂದು ಉಸಿರು ಹಿಡಿಯಿತು. "ಇಲ್ಲ! ಸರ್, ಇಲ್ಲ. ನಾನು ಸುಳ್ಳು ಹೇಳಿದೆ. ಒಳಗೂ ಹೊಸದೇ. ಪದರ ಪದರ ನಾನೇ ಬೆಸೆದಿದೀನಿ. ಇಡೀ ಗಾಡೀನೇ ತಗೊಂಡು ಹೋಗಿ, ಓಡಿಸಿ, ಯಾರಿಗಾದ್ರೂ ಮಾರಿ. ಬಿಚ್ಚಬೇಡಿ."

"ಏನಮ್ಮಾ ಇದು" ಎಂದ ಮ್ಯಾಗ್ನೆಟ್. "ಈಗ ತಾನೆ ಬೂದಿ ಅಂದ್ರಿ. ಯಾವ ಬಾಯಿ ನಂಬಲಿ? ಅಯಸ್ಕಾಂತ ಹೊರಗಿನ ತಗಡು ಮಾತ್ರ ಹೇಳುತ್ತೆ. ಕ್ಯಾಮೆರಾ ತೂರಿಸಿದ್ರೂ ಮೇಣ ಮಾತ್ರ ಕಾಣುತ್ತೆ. ಕತ್ತರಿಸಿ ತೋರಿಸಿದ್ರೆ ನಂಬ್ತೀನಿ."

ಅವನು ತಮಾಷೆಗೆ ಅಂದನೋ ಏನೋ. ಸೊಸೆ ಒಳಗೆ ಹೋಗಿ ಉಕ್ಕು ಕತ್ತರಿಸುವ ಗ್ರೈಂಡರ್ ತಂದಳು. ಗಂಡ "ನೋಡೇ, ಸ್ವಲ್ಪ ಕೂತು ಮಾತಾಡೋಣ" ಎನ್ನುತ್ತಿದ್ದಂತೆ ಅದು ಕಿರುಚಿತು. ತಾನೇ ಉಜ್ಜಿ ನುಣುಪು ಮಾಡಿದ್ದ ಬೆಸುಗೆ, ತಾನೇ ಹೊಡೆದಿದ್ದ ಹಸಿರು ಬಣ್ಣ, ಅದರ ಮೇಲೆ ಗ್ರೈಂಡರಿನ ಚಕ್ರ ಇಳಿಸಿದಳು. ಕಿಡಿ ಹಾರಿ ಒಳಗಿನ ಮೇಣಕ್ಕೆ ಹೊತ್ತಿ ಬುಗ್ಗೆಂದಿತು. ಗಂಡ ಬಕೆಟ್ ನೀರು ತಂದು, ಬೆಂಕಿಗೆ ಅರ್ಧ, ಹೆಂಡತಿಗೆ ಅರ್ಧ ಸುರಿದ. ಒದ್ದೆ ಕೂದಲನ್ನು ಹಿಂದಕ್ಕೆ ಸರಿಸಿ ಅವಳು ಮತ್ತೆ ಕತ್ತರಿಸಿದಳು. ಅಂಗೈಯಗಲದ ಕಿಟಕಿಯಲ್ಲ, ತನ್ನ ಮಾತಿನ ಮೇಲೆ ತನಗೇ ನಂಬಿಕೆ ಇಲ್ಲದವಳ ಹಾಗೆ, ಬಾಗಿಲಿನುದ್ದಕ್ಕೂ, ಹೊರಪದರ ದಾಟಿ ಒಳಪದರದವರೆಗೂ ಸೀಳಿದಳು. ತಗಡನ್ನು ಇಕ್ಕಳದಿಂದ ಮಡಚಿ, ಬಟ್ಟೆಯಿಂದ ಮೇಣ ಒರೆಸಿದಳು.

ಒಳಗೆ ಉಕ್ಕು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಬೆಸುಗೆಯ ಸಾಲು ಹೊಲಿಗೆ ಹಾಕಿದಂತೆ ಒಂದೇ ಅಳತೆಯಲ್ಲಿ ಹೋಗಿತ್ತು.

ಮ್ಯಾಗ್ನೆಟ್ ಬಗ್ಗಿ ನೋಡಿದ. ಬೆರಳಾಡಿಸಿದ. "ಅಯ್ಯೋ ನಿಮ್ಮ" ಎಂದು ನಿಲ್ಲಿಸಿಕೊಂಡ. "ಇಂಥ ಕೆಲಸ ನಾನು ನೋಡೇ ಇಲ್ಲ. ಮತ್ತೆ ಬೆಸೆದರೂ ಆಗುತ್ತೆ. ಅಮ್ಮಾ, ಇಡೀ ಗಾಡಿ ಕೊಡಿ, ರೇಟು ಬೇರೆ ಮಾತಾಡೋಣ."

ಅತ್ತೆ ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದು, ಮೆಟ್ಟಿಲಿಳಿದು ಬಂದು, ಆ ಸೀಳನ್ನು ನೋಡಿದರು.

"ನನಗೆ ಗೊತ್ತಿತ್ತು ಕಣೇ" ಎಂದರು ಸೊಸೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ; ಅದೇ ಭಯ ಹುಟ್ಟಿಸಿತು. "ನೀನು ಆ ಬೇಸಿಗೆ ಪೂರ್ತಿ ಇದರ ಕೆಳಗೆ ಬಿದ್ದಿದ್ದಾಗ ನಾನು ಕಿಟಕಿಯಿಂದ ನೋಡ್ತಿದ್ದೆ. ನಿನ್ನ ಮಾವನ ಕೈಗೂ ಈ ಕೆಲಸ ಬರ್ತಿರಲಿಲ್ಲ. ಬೂದಿ ಅಂತೆ, ಬೂದಿ."

ಮದುವೆಯಾದಾಗಿನಿಂದ ಸೊಸೆ ಕಾದಿದ್ದ ಹೊಗಳಿಕೆ ಅದು. ಅವಳ ಕಣ್ಣು ತುಂಬಿ ಬಂತು. "ಅತ್ತೆ, ಹಾಗಾದ್ರೆ..."

"ಹಾಗಾದ್ರೆ ಏನು? ನಾನು ಕೂರೋಕಾಗದ ಗಾಡೀಲಿ ಇನ್ನೊಬ್ಬರು ಕೂತು ಮೆರೆಯೋದು ಬೇಡ. ನೀನೂ ಬೇಡ, ಇವರೂ ಬೇಡ." ಗಿರಾಕಿಯ ಕಡೆ ತಿರುಗಿದರು. "ಬಿಡಿಬಿಡಿಯಾಗಿ ಅಂದ್ರೆ ಕೊಡ್ತೀನಿ, ಇಡೀದು ಅಂದ್ರೆ ಬಾಗಿಲು ಅಲ್ಲಿದೆ."

ಮ್ಯಾಗ್ನೆಟ್ ಸೊಸೆಯನ್ನು ನೋಡಿದ, ಅತ್ತೆಯನ್ನು ನೋಡಿದ, ಗಂಡನನ್ನು ನೋಡಲು ಹೋಗಲಿಲ್ಲ. ವ್ಯಾಪಾರಿ ವ್ಯಾಪಾರಿಯೇ. "ಬಿಡಿಬಿಡಿಯಾಗೇ ಆಗ್ಲಿ. ನಾಳೆ ನಮ್ಮವರನ್ನ ಕಳಿಸ್ತೀನಿ, ಸುತ್ತಿಗೆ ತಗೊಂಡು ಬಂದು ಬಿಚ್ಚಿಕೊಂಡು ಹೋಗ್ತಾರೆ."

"ಒಂದು ಬಿಟ್ಟು" ಎಂದರು ಅತ್ತೆ. "ಡ್ರೈವರ್ ಸೀಟು ನನಗೆ ಬೇಕು."

ಸುತ್ತಿಗೆ ಎಂದದ್ದೇ ಸೊಸೆಯ ಕಿವಿಯಲ್ಲಿ ಉಳಿಯಿತು. ಈ ಗಾಡಿಯ ಚಕ್ರದ ನಡುವಿನ ರೆಕ್ಕೆಯ ನಟ್ಟನ್ನು ಮೆತ್ತನೆಯ ತಾಮ್ರದ ಸುತ್ತಿಗೆಯಿಂದಲೇ ಬಡಿದು ತಿರುಗಿಸಬೇಕು; ಬಲಗಡೆಯದು ಉಲ್ಟಾ ತಿರುಗುತ್ತದೆ. ಗೊತ್ತಿಲ್ಲದವರು ಬಿಚ್ಚುತ್ತೇವೆಂದು ಬಿಗಿ ಮಾಡಿ, ಹೊಡೆದು ಹೊಡೆದು ಒಡೆದುಹಾಕುತ್ತಾರೆ. ಕಾರ್ಬೊರೇಟರಿನ ಸೂಜಿ ಕೂದಲೆಳೆಯಷ್ಟು ಬಾಗಿದರೂ ಮುಗಿಯಿತು. "ಯಾರನ್ನೂ ಕಳಿಸಬೇಡಿ" ಎಂದಳು. "ನಾನೇ ಬಿಚ್ಚಿ ಕೊಡ್ತೀನಿ."

ಮೊದಲು ಸೀಟು ಬಿಚ್ಚಿದಳು. ಗಂಡ ಅದನ್ನು ಹೊತ್ತು ಜಗಲಿಗೆ ತಂದು, ಅಮ್ಮ ಹೇಳಿದ ಎತ್ತರಕ್ಕೆ ಕಲ್ಲು ಜೋಡಿಸಿ, ಅದರ ಮೇಲೆ ಕೂರಿಸಿದ. ಅತ್ತೆ ಒಮ್ಮೆ ಕೂತರು, ಎದ್ದರು, ಮತ್ತೆ ಕೂತರು. ಯಾರೂ ರಟ್ಟೆ ಹಿಡಿಯಬೇಕಾಗಲಿಲ್ಲ. ಬೆನ್ನು ಒರಗಿಸಿ, ಕಪ್ಪು ಕನ್ನಡಕ ಹಾಕಿಕೊಂಡರು.

ಅಂಗಳದಲ್ಲಿ ಸೊಸೆ ಜಾಕಿ ಏರಿಸಲು ಬಗ್ಗಿದವಳು, ಬಗ್ಗಿದಂತೆಯೇ ನಿಂತಳು. ಎಂಜಿನ್ ಇನ್ನೂ ಬೆಚ್ಚಗಿತ್ತು.

"ಅತ್ತೆ" ಎಂದಳು, ತಿರುಗಿ ನೋಡದೆ. "ಬಿಚ್ಚೋಕೆ ಮುಂಚೆ ಒಂದು ಸುತ್ತು ಓಡಿಸಿಬರ್ಲಾ? ಬೀದಿ ಕೊನೆವರೆಗೆ."

"ಓಡಿಸು" ಎಂದರು ಅತ್ತೆ. ಮೊದಲ ಸಲ. "ತೊಲೆ ಸೀಳಿಟ್ಟಿದೀಯ, ನಡು ಮುರಿಯದಿದ್ರೆ ಓಡಿಸು. ಆದ್ರೆ ಎಲ್ಲಿ ಕೂತ್ಕೋತೀಯೇ?"

ಗೇಟಿನ ಬಳಿ ನಿಂತಿದ್ದ ಮ್ಯಾಗ್ನೆಟ್ಟಿಗೆ ತಡೆಯಲಾಗಲಿಲ್ಲ, ಗೊಳ್ಳೆಂದು ನಕ್ಕುಬಿಟ್ಟ. ಗಂಡ ಕೆಮ್ಮಿದ ಹಾಗೆ ಮಾಡಿದ, ಆದರೆ ಅದೂ ನಗುವೇ.

ಸೊಸೆ ತಾಮ್ರದ ಸುತ್ತಿಗೆ ಎತ್ತಿಕೊಂಡು ಬಲಗಡೆಯ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಳು, ಉಲ್ಟಾ ದಿಕ್ಕಿಗೆ ಮೊದಲ ಪೆಟ್ಟು ಹೊಡೆದಳು.