ಒಪ್ಪತ್ತಿನ ಗುಳಿಗೆ

ರಮ್ಜಾನ್ ತಿಂಗಳಿಗೆ ನಾಲ್ಕು ದಿನ ಇರುವಾಗ ಶರೀಫಾ ಬೀ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ಗಂಗಾಂಬಿಕಾ ಲಿಂಗೈಕ್ಯಳಾಗಿ ಆಗ ಆರು ತಿಂಗಳಾಗಿತ್ತು. ಅವರಿಬ್ಬರೂ ಹದಿನೈದು ವರ್ಷ ಹಡಗಲಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಮಲ್ಲಿಗೆ ಕಟ್ಟಿದವರು.

ಗಂಗಾಂಬಿಕಾಗಿದ್ದ ಕಾಯಿಲೆಯೇ ದೀಪಾವಳಿಯ ಹೊತ್ತಿಗೆ ಶರೀಫಾ ಬೀಗೂ ಕಾಣಿಸಿಕೊಂಡಿತ್ತು. ಎದೆಬಡಿತ ತಾಳ ತಪ್ಪುವ ಕಾಯಿಲೆ. ಎದೆ ನಾಲ್ಕು ಸಲ ಓಡಿ, ಒಮ್ಮೆ ನಿಂತು, ಮತ್ತೆ ಓಡುತ್ತದೆ ಎಂದು ಗಂಗಾಂಬಿಕಾ ಹೇಳುತ್ತಿದ್ದಳು. ಹಾಗೆ ಬಡಿಯುವ ಎದೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದೆಂದು ದಾವಣಗೆರೆಯ ಡಾಕ್ಟರು ಇಬ್ಬರಿಗೂ ರಕ್ತ ತೆಳುವಾಗುವ ಗುಳಿಗೆ ಕೊಟ್ಟಿದ್ದರು. ಊಟವಾದ ಮೇಲೆ ದಿನಕ್ಕೆ ಎರಡು.

ಶರೀಫಾ ಬೀ ಬಾಗಿಲ ಬಳಿ ಕೂತಳು.

"ನಿನ್ನ ಮಾಲಿ ಒಂದ್ ಕಡಿ ಒತ್ತು, ಒಂದ್ ಕಡಿ ಸಡಿಲು ಅಂತ ಅಕ್ಕ ಬೈತಿದ್ಲು. ಈಗ ಎದಿನೂ ಹಂಗ ಆಗೈತಿ ನೋಡ್ರಿ," ಎಂದು ನಕ್ಕಳು. ಆಮೇಲೆ ಬಂದ ವಿಷಯ ಹೇಳಿದಳು. ಈ ಸಲವೂ ರೋಜಾದ ಉಪವಾಸ ಬಿಡುವ ಮನಸ್ಸಿರಲಿಲ್ಲ. ಮಗ ಫಿರೋಜ್ ಬೇಡವೆಂದು ಜಗಳ ತೆಗೆದಿದ್ದ.

"ಅಕ್ಕ ಶ್ರಾವಣದಾಗ ಒಪ್ಪತ್ತು ಇದ್ರೂ ಗುಳಿಗಿ ಬಿಟ್ಟಿದ್ದಿಲ್ಲ. ಹೆಂಗ ತಗೊಂತಿದ್ಲು, ಹೇಳ್ರಿ ಅಣ್ಣಾರ. ನಾನೂ ಹಂಗ ಮಾಡ್ತೀನಿ."

ಗಂಗಾಂಬಿಕಾ ಶ್ರಾವಣ ಮಾಸವಿಡೀ ದಿನಕ್ಕೊಂದೇ ಊಟ ಮಾಡುತ್ತಿದ್ದಳು. ಅವಳ ಸಾವು ಶಿವನ ಇಚ್ಛೆ ಎಂದು ನಾನು ಊರಿಗೆಲ್ಲ ಹೇಳಿದ್ದೆ. ಅದಕ್ಕಿಂತ ಹೆಚ್ಚು ಯಾರೂ ಕೇಳಿರಲಿಲ್ಲ. ನಾನು ಮೂವತ್ತು ವರ್ಷ ಶಾಲೆಯ ಮಾಸ್ತರನಾಗಿದ್ದವನು. ಓಣಿಯವರು ಈಗಲೂ ಔಷಧದ ಚೀಟಿ ಓದಿಸಲು ನನ್ನ ಬಳಿ ಬರುತ್ತಾರೆ.

ಎದ್ದು ದೇವರ ಜಗಲಿಯ ಮೇಲಿಂದ ಗುಳಿಗೆಯ ಹಾಳೆಗಳನ್ನು ತಂದು ಅವಳ ಮುಂದಿಟ್ಟೆ. ಹದಿನೆಂಟು ಗುಳಿಗೆ ಉಳಿದಿದ್ದವು.

ಇವು ಅಕ್ಕ ನುಂಗಬೇಕಾಗಿದ್ದ ಗುಳಿಗೆಗಳು ಎಂದು, ನಡೆದದ್ದನ್ನೆಲ್ಲ ಹೇಳಿದೆ. ಗುಳಿಗೆ ನುಂಗಿದರೆ ವ್ರತ ಕೆಡುತ್ತದೆಯೇ ಎಂದು ಹೋದ ಶ್ರಾವಣದಲ್ಲಿ ಗಂಗಾಂಬಿಕಾ ನನ್ನನ್ನೇ ಕೇಳಿದ್ದಳು. ಕೆಡುವುದಿಲ್ಲ, ಆದರೆ ಎರಡು ಊಟಕ್ಕೆ ಎರಡು ಬರೆದಿದ್ದಾರೆ, ಒಂದೇ ಊಟವಾದರೆ ಒಂದು ಸಾಕು ಎಂದು ನಾನು ಲೆಕ್ಕ ಮಾಡಿ ಹೇಳಿದ್ದೆ. ಒಪ್ಪತ್ತಿನ ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅವಳ ಬಲಗೈಯಿಂದ ಹೂವು ಜಾರಿ ಬಿತ್ತು. ಬಾಯಿ ಸೊಟ್ಟಗಾಯಿತು. ಒಂದು ವಾರ ಮಾತಿಲ್ಲದೆ ಮಲಗಿದ್ದು ಹೋದಳು. ಗುಳಿಗೆ ಊಟ ನೋಡಿ ಅಲ್ಲ, ಗಡಿಯಾರ ನೋಡಿ ಕೊಡುವಂಥದ್ದು ಎಂದು ಡಾಕ್ಟರು ನನಗೆ ಆಗ ತಿಳಿಸಿದರು.

ಶರೀಫಾ ಬೀ ಹಾಳೆಗಳನ್ನು ತಿರುಗಿಸಿ ನೋಡಿದಳು.

"ಇದನ್ನ ಯಾರ ಮುಂದನೂ ಹೇಳಿಲ್ಲೇನ್ರಿ?"

"ನಿನ್ನ ಮುಂದೆ ಹೇಳಿದೆನಲ್ಲ."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಹೋದಳು. ಇನ್ನು ಈ ಮನೆಗೆ ಬರುವುದಿಲ್ಲವೆಂದುಕೊಂಡೆ. ಮರುದಿನ ಬೆಳಿಗ್ಗೆ ಕಟ್ಟೆಯ ಹತ್ತಿರ ನಿಂತು, ದಾವಣಗೆರೆಗೆ ಜೊತೆಗೆ ಬರ್ರಿ ಎಂದಳು.

ಡಾಕ್ಟರು ಅವಳನ್ನು ಪರೀಕ್ಷಿಸಿ, ಬೆಳಗಿನ ಜಾವದ ಸೆಹರಿ ಊಟಕ್ಕೆ ಒಂದು, ಸಂಜೆ ಉಪವಾಸ ಬಿಡುವ ಇಫ್ತಾರಿಗೆ ಒಂದು ಎಂದು ಬರೆದರು. ತಲೆ ತಿರುಗಿದರೆ ಅಂದಿನ ರೋಜಾ ಮುರಿಯಬೇಕು ಎಂದೂ ಬರೆದರು.

ಬಸ್ಸಿನಲ್ಲಿ ಅವಳು ಚೀಟಿಯನ್ನು ನನ್ನ ಕೈಗೆ ಕೊಟ್ಟಳು. ಔಷಧದ ಅಂಗಡಿಯಲ್ಲಿ ಓದಿಸಿಕೋ ಎಂದೆ.

"ನೀವ ಓದ್ರಿ," ಎಂದಳು.

ಕನ್ನಡಕ ಹಾಕಿಕೊಂಡು, ಬರೆದಿದ್ದಷ್ಟನ್ನೇ ಎರಡು ಸಲ ಓದಿದೆ.