ವಿಮಾನದ ಬಯಲಿನಲ್ಲಿ ಗಾಡಿ ಅಚ್ಚು

ಆ ಸೋಮವಾರ ಬೆಳಿಗ್ಗೆ ಶಿವಮೊಗ್ಗದಲ್ಲಿ ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಆಷಾಢದ ಗಾಳಿಯೊಂದೇ ಪೇಟೆಯ ತಗಡುಗಳನ್ನೆಲ್ಲ ತಟ್ಟಿ ತಟ್ಟಿ ಮಾತಾಡಿಸಿಕೊಂಡು ಓಡಾಡುತ್ತಿತ್ತು. ಷಡಕ್ಷರಪ್ಪನವರು ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ತಮ್ಮ ಕುಲುಮೆಯ ಬಾಗಿಲಿಗೆ ಬಂದು ನಿಂತರು.

ಒಳಗೆ ಭೈರಪ್ಪ ಬೆಂಕಿ ಹೊತ್ತಿಸಿದ್ದ. ಸುತ್ತಿಗೆ ಹಿಡಿದೇ ತಲೆ ನರೆತವನು ಅವನು. "ಇವತ್ತು ತಿದಿ ಒತ್ತೋ ಕೆಲ್ಸ ಇಲ್ಲ ಯಜಮಾನ್ರೆ. ಶಿವನೇ ಊದ್ತಾ ಇದಾನೆ" ಎಂದ.

ಷಡಕ್ಷರಪ್ಪನವರಿಗೆ ನಗು ಬರಲಿಲ್ಲ. ಮೂಲೆಯಲ್ಲಿ ಎತ್ತಿನ ಗಾಡಿಯ ಅಚ್ಚುಗಳು ಮಾರಾಟವಾಗದೆ ಸೌದೆಯ ಹಾಗೆ ಒಟ್ಟಿಬಿದ್ದಿದ್ದವು. ಅವರ ತಂದೆಯ ಕಾಲದಲ್ಲಿ ಆ ಕುಲುಮೆಯ ಅಚ್ಚು ಎಂದರೆ ರೈತರು ಕಣ್ಣು ಮುಚ್ಚಿ ಖರೀದಿಸುತ್ತಿದ್ದರು. ಈಗ ಕುಂಸಿ ಸಂತೆಗೆ ಬೇರೆ ಊರಿನ ಅಚ್ಚು ಬರುತ್ತಿತ್ತು. ಅಷ್ಟು ಗಟ್ಟಿಯಲ್ಲ, ಆದರೆ ಅಗ್ಗ. ಇವರಿಗೋ, ಭದ್ರಾವತಿಯಿಂದ ತರಿಸುವ ಕಬ್ಬಿಣ ಊರೊಳಗೆ ಬರಬೇಕಾದರೆ ಸುಂಕದ ಕಟ್ಟೆಯಲ್ಲಿ ಸುಂಕ, ಪೇಟೆಯ ಕಟ್ಟಡಕ್ಕೆ ಕಂದಾಯ, ಮಾಲು ಮಾರಿದರೆ ಮಾರಾಟ ತೆರಿಗೆ. ಎಲ್ಲ ಸೇರಿಸಿ ಬೆಲೆ ಹೇಳಿದರೆ ರೈತ "ಆಮೇಲೆ ಬರ್ತೀನಿ" ಅನ್ನುತ್ತಿದ್ದ. ಆಮೇಲೆ ಬರುತ್ತಿರಲಿಲ್ಲ. ಹೀಗೇ ನಡೆದರೆ ದೀಪಾವಳಿಯ ಹೊತ್ತಿಗೆ ಕುಲುಮೆ ಮುಚ್ಚಬೇಕು. ಭೈರಪ್ಪನಿಗೂ ಉಳಿದ ಕೆಲಸಗಾರರಿಗೂ ಬೇರೆ ದಾರಿ ನೋಡಿಕೊಳ್ಳಿ ಅನ್ನಬೇಕು.

ಅಷ್ಟರಲ್ಲಿ ಸುಭದ್ರಮ್ಮ ಬಂದರು. ಷಡಕ್ಷರಪ್ಪನವರ ಹೆಂಡತಿ ಶಂಕರಮ್ಮನಿಗೆ ಅವರು ಚಿಕ್ಕಮ್ಮನ ಮಗಳು. ಗಂಡ ತೀರಿಕೊಂಡ ಮೇಲೆ ಹೊಸಮನೆ ಬಡಾವಣೆಯ ಒಂದು ಕೋಣೆಯಲ್ಲಿ ಕೂತು, ಭದ್ರಾವತಿಯ ಕಾಗದ ತರಿಸಿ ನೋಟುಬುಕ್ಕು ಹೊಲಿಯುವ ಕೆಲಸ ಹಿಡಿದವರು. ಹೋದ ವರ್ಷ ಆ ಕೆಲಸವನ್ನು ವಿಮಾನದ ಬಯಲಿಗೆ ಒಯ್ದಿದ್ದರು.

ವಿಮಾನದ ಬಯಲೆಂದರೆ, ಸುಂಕದ ಕಟ್ಟೆ ದಾಟಿ ಒಳಗೆ ಬಂದರೆ ಎಡಕ್ಕೆ ಸಿಗುವ ಜಾಗ. ವಿಮಾನ ಇಳಿಯಲೆಂದು ಸರ್ಕಾರ ಅದನ್ನು ಸಮ ಮಾಡಿಸಿತ್ತು. ವಿಮಾನ ಬರುತ್ತಿದ್ದುದು ಅಪರೂಪ. ಬಂದ ದಿನ ದನ ಕಾಯುವವರೇ ಸ್ವಾಗತ ಸಮಿತಿ. ಆದರೆ ಅಲ್ಲಿಗೆ ಒಳ್ಳೆಯ ರಸ್ತೆಯಾಗಿತ್ತು, ಕರೆಂಟು ಬಂದಿತ್ತು. ಇವು ದಂಡವಾಗಬಾರದೆಂದು ಪಕ್ಕದಲ್ಲೇ ಸಾಲು ಶೆಡ್ಡು ಕಟ್ಟಿಸಿ ಸಣ್ಣ ಕಾರ್ಖಾನೆಯವರನ್ನು ಕರೆಯುತ್ತಿದ್ದರು.

"ಭಾವ, ಒಂದು ಶೆಡ್ಡು ಖಾಲಿ ಇದೆ. ನಿಮಗೆ ಹೇಳೋಣ ಅಂತಲೇ ಬಂದೆ" ಎಂದರು ಸುಭದ್ರಮ್ಮ.

ಪಕ್ಕದ ಕಬ್ಬಿಣದ ಅಂಗಡಿಯ ಜಂಬಣ್ಣ ಬೀಡಿಗೆ ಬೆಂಕಿ ಕೇಳುವ ನೆಪದಲ್ಲಿ ಒಳಗೆ ಬಂದಿದ್ದ. "ಅಲ್ಲ ಮಾರಾಯ್ತಿ, ವಿಮಾನಕ್ಕೆ ಎತ್ತಿನ ಗಾಡಿ ಅಚ್ಚು ಹಾಕಿಸ್ತೀಯೇನು?" ಎಂದು ನಕ್ಕ.

"ನಾನು ವಿಮಾನಕ್ಕೆ ನೋಟುಬುಕ್ಕು ಮಾರ್ತೀನಾ ಜಂಬಣ್ಣ? ವಿಮಾನ ಅದರ ಪಾಡಿಗೆ ಬರುತ್ತೆ, ಹೋಗುತ್ತೆ. ನಮಗೆ ಬೇಕಾದ್ದು ಅಲ್ಲಿನ ಅನುಕೂಲ. ಮೊದಲ ಐದು ವರ್ಷ ಕಟ್ಟಡಕ್ಕೆ ಕಂದಾಯ ಇಲ್ಲ. ಅಲ್ಲಿಗೆ ಅಂತ ತರಿಸೋ ಕಬ್ಬಿಣಕ್ಕೆ, ಯಂತ್ರಕ್ಕೆ ಸುಂಕ ಇಲ್ಲ. ಮಾರಾಟ ತೆರಿಗೇಲಿ ಅರ್ಧ ಬಿಡ್ತಾರೆ. ತಿದಿ ಒತ್ತೋ ಬದಲು ಕರೆಂಟಲ್ಲಿ ಗಾಳಿ ಊದೋ ಯಂತ್ರ ಇಡಬಹುದು."

ಷಡಕ್ಷರಪ್ಪನವರು ತಲೆಯಾಡಿಸಿದರು. "ಬೇಡ ಸುಭದ್ರಾ. ಕೊಡಬೇಕಾದ್ದು ಕೊಡದೆ ಉಳಿಸ್ಕೊಂಡದ್ದು ಕಾಯಕದ ಅನ್ನ ಆಗಲ್ಲ. ಅದು ಧರ್ಮದ ಕಾಸು. ನಮ್ಮಪ್ಪ ಯಾರ ಮುಂದೂ ಕೈ ಒಡ್ಡಿದೋನಲ್ಲ."

ಕುಲುಮೆ ಮುಚ್ಚುವ ಹೆದರಿಕೆಗಿಂತ ಈ ಹೆದರಿಕೆ ಅವರಿಗೆ ದೊಡ್ಡದಾಗಿತ್ತು. ಸುಭದ್ರಮ್ಮ ಅದನ್ನು ಬಲ್ಲವರು. ನಗಲಿಲ್ಲ. ಕಬ್ಬಿಣ ಬಡಿಯುವ ಅಡೆಗಲ್ಲಿನ ಪಕ್ಕದ ಮರದ ತುಂಡಿನ ಮೇಲೆ ಕೂತರು.

"ಭಾವ, ಓದುವಾಗ ಮಠದ ಪ್ರಸಾದನಿಲಯದಲ್ಲಿ ಉಂಡಿರಲ್ಲ, ಅದು ಭಿಕ್ಷೆಯಾ?"

"ಛೆ. ಅದು ಪ್ರಸಾದ."

"ಊಟಕ್ಕೆ ಕಾಸು ಕೇಳಿದ್ರಾ?"

"ಇಲ್ಲ. ಓದ್ಬೇಕು, ಅಷ್ಟೇ ಅಂದ್ರು. ಓದದೆ ಉಂಡೋರನ್ನ ಮನೆಗೆ ಕಳಿಸ್ತಿದ್ರು."

"ಈಗ ಸುಗ್ಗಿ ಬಂದ್ರೆ ಮಠಕ್ಕೆ ಅಕ್ಕಿ ಕಳಿಸ್ತೀರಲ್ಲ, ಅದ್ಯಾಕೆ?"

"ಉಂಡ ಋಣ, ಅದಕ್ಕೆ" ಎಂದರು ಷಡಕ್ಷರಪ್ಪನವರು. ಭೈರಪ್ಪ ಸುತ್ತಿಗೆ ಕೆಳಗಿಟ್ಟು ಹತ್ತಿರ ಬಂದ.

"ಇದೂ ಹಾಗೇ ಭಾವ. ಸರ್ಕಾರ ನಿಮಗೆ ಕೊಡೋದು ಕೂತು ಉಣ್ಣೋಕಲ್ಲ. ಅಲ್ಲಿ ಕುಲುಮೆ ಉರೀಬೇಕು, ನಾಲ್ಕು ಜನಕ್ಕೆ ಕೆಲ್ಸ ಸಿಗ್ಬೇಕು, ಆಮೇಲೆ ನೀವು ಗಟ್ಟಿಯಾಗಿ ನಿಂತು ಪೂರ್ತಿ ತೆರಿಗೆ ಕಟ್ಟಬೇಕು. ಕುಲುಮೆ ಮುಚ್ಚಿದ್ರೆ ನಿಮ್ಮಿಂದ ಊರಿಗೆ ಯಾವ ತೆರಿಗೆ ಬರುತ್ತೆ?"

ಜಂಬಣ್ಣ ಹೊಗೆ ಬಿಟ್ಟ. "ಇಷ್ಟೆಲ್ಲ ವೇದಾಂತ ಯಾಕಪ್ಪ? ಅಲ್ಲಿ ಒಂದು ಬೋರ್ಡು ನೇತು ಹಾಕು. ಕೆಲ್ಸ ಇಲ್ಲೇ ಮಾಡು. ರಿಯಾಯಿತಿನೂ ಬಂತು, ಪೇಟೆನೂ ಉಳೀತು."

"ಅದಾಗಲ್ಲ. ರಿಯಾಯಿತಿ ಆ ಜಾಗಕ್ಕೆ ಕೊಟ್ಟಿದ್ದು, ಬೋರ್ಡಿಗಲ್ಲ" ಎಂದು ಸುಭದ್ರಮ್ಮ ಎದ್ದರು.

ಮನೆಯಲ್ಲಿ ಶಂಕರಮ್ಮ ಎಲ್ಲ ಕೇಳಿ, "ನಡೀರಿ, ನೋಡ್ಕೊಂಡಾದ್ರೂ ಬರೋಣ. ನೋಡೋಕೆ ತೆರಿಗೆ ಇಲ್ಲವಲ್ಲ" ಎಂದರು. ಹೋದರು, ನೋಡಿದರು. ಮಂಗಳೂರು ಹಂಚಿನ ಶೆಡ್ಡು, ಗಾಳಿ ಬೆಳಕು ಧಾರಾಳ. ಸುಭದ್ರಮ್ಮನೇ ಕೈಗಾರಿಕಾ ಇಲಾಖೆಯ ಕಚೇರಿಗೆ ಜೊತೆಯಾದರು. ಕೆಲಸ ಶುರು ಮಾಡುವ ಮೊದಲೇ ಅರ್ಜಿ ಕೊಡಬೇಕು, ಶುರುವಾದ ಮೇಲೆ ಕೊಟ್ಟರೆ ನಡೆಯುವುದಿಲ್ಲ ಎಂಬುದು ಅಲ್ಲಿ ತಿಳಿಯಿತು. ಅರ್ಜಿ ಕೊಟ್ಟರು. ಶೆಡ್ಡು ಸಿಕ್ಕಿತು. ಸುಂಕದ ಕಟ್ಟೆಯಲ್ಲಿ ತೋರಿಸಲು ರಿಯಾಯಿತಿ ಚೀಟಿಯೂ ಸಿಕ್ಕಿತು. ಭದ್ರಾವತಿಯಿಂದ ಒಂದು ಗಾಡಿ ಕಬ್ಬಿಣ ಸುಂಕವಿಲ್ಲದೆ ಕಟ್ಟೆ ದಾಟಿ ಬಯಲಿಗೆ ಬಂದು ಇಳಿಯಿತು.

ಆದರೆ ಆಷಾಢ ಇನ್ನೂ ಮುಗಿದಿರಲಿಲ್ಲ. ಆಷಾಢದಲ್ಲಿ ಹೊಸ ಒಲೆ ಹಚ್ಚುವವರುಂಟೆ? ಶ್ರಾವಣದ ಮೊದಲ ಸೋಮವಾರ ಹಳೆಯ ಕುಲುಮೆಯ ಕೆಂಡವನ್ನೇ ಒಯ್ದು ಹೊಸ ಕುಲುಮೆ ಹೊತ್ತಿಸುವುದೆಂದು ಷಡಕ್ಷರಪ್ಪನವರು ನಿಶ್ಚಯಿಸಿದರು. ಅಷ್ಟರಲ್ಲಿ ಕುಂಸಿಯಿಂದ ಉಜ್ಜನಪ್ಪ ಎಂಬ ರೈತ ಬಂದು, ಸಂತೆಯ ಅಚ್ಚು ತಾಳಲಿಲ್ಲ, ತನ್ನೂರಿನ ಗಾಡಿಗಳಿಗೆಲ್ಲ ಅಚ್ಚು ಬೇಕು, ಬೇಗ ಬೇಕು ಎಂದ. ಗಿರಾಕಿ ಬಾಗಿಲಿಗೆ ಬಂದು ಎಷ್ಟು ಕಾಲವಾಗಿತ್ತೋ! ಮೂಲೆಯಲ್ಲಿ ಒಟ್ಟಿದ್ದ ಅಚ್ಚುಗಳನ್ನೆಲ್ಲ ಕೊಟ್ಟರೂ ಸಾಲಲಿಲ್ಲ. ಷಡಕ್ಷರಪ್ಪನವರು ಹಿಂದುಮುಂದು ನೋಡದೆ ಬಯಲಿನ ಕಬ್ಬಿಣದಲ್ಲಿ ಅರ್ಧದಷ್ಟನ್ನು ಪೇಟೆಯ ಕುಲುಮೆಗೆ ತರಿಸಿ ಅಚ್ಚು ಹೊಡೆಸಿಕೊಟ್ಟರು. ಕಬ್ಬಿಣ ತಮ್ಮದೇ, ಕುಲುಮೆ ತಮ್ಮದೇ. ಅದರಲ್ಲಿ ತಪ್ಪೇನೂ ಅವರಿಗೆ ಕಾಣಲಿಲ್ಲ.

ಶ್ರಾವಣ ಸೋಮವಾರ ಬಂತು. ಭೈರಪ್ಪ ಬಾಣಲೆಯಲ್ಲಿ ಕೆಂಡ ಹೊತ್ತು ನಡೆದ. ಹಿಂದೆ ಶಂಕರಮ್ಮ ಬಿಲ್ವಪತ್ರೆ, ತೆಂಗಿನಕಾಯಿ ಹಿಡಿದು ನಡೆದರು. ಹೊಸ ಕುಲುಮೆ ಹೊತ್ತಿತು. ಗಾಳಿಯಂತ್ರ ಗುಂಯ್ ಎಂದಾಗ ಭೈರಪ್ಪ ಎರಡು ಹೆಜ್ಜೆ ಹಿಂದೆ ಸರಿದು, "ಇದು ಶಿವನಿಗಿಂತ ಜೋರಾಗಿ ಊದುತ್ತಲ್ಲ!" ಎಂದ. ಎಲ್ಲರೂ ನಕ್ಕರು.

ಪ್ರಸಾದ ತಗೊಳ್ಳಲು ಬಂದ ಸುಭದ್ರಮ್ಮನ ಕಣ್ಣು ಗೋಡೆಯ ಪಕ್ಕಕ್ಕೆ ಹೋಯಿತು. "ಒಂದು ಗಾಡಿ ತರಿಸಿದ್ರಿ ಅಲ್ವಾ ಭಾವ? ಅರ್ಧವೇ ಇದೆ."

ಷಡಕ್ಷರಪ್ಪನವರು ನಡೆದದ್ದು ಹೇಳಿದರು. ಸುಭದ್ರಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಮೆಲ್ಲಗೆ ಹೇಳಿದರು. "ಈ ಬಯಲಲ್ಲಿ ಕೆಲ್ಸಕ್ಕೆ ಬರೋ ಕಬ್ಬಿಣಕ್ಕೆ ಮಾತ್ರ ಸುಂಕ ಬಿಟ್ಟಿದ್ದು. ಪೇಟೇಲಿ ಬಡಿದಿದ್ದಕ್ಕೆ ಸುಂಕ ಕೊಡಲೇಬೇಕಿತ್ತು."

ಪೂಜೆಗೆಂದು ಬಂದಿದ್ದ ಜಂಬಣ್ಣ ಹತ್ತಿರ ಸರಿದ. "ಮಾತಾಡ್ಬೇಡಿ. ಅಚ್ಚು ಗಾಡಿಗೆ ಸೇರಿ, ಗಾಡಿ ಗದ್ದೆಗೆ ಸೇರಿ ಆಯ್ತು. ಯಾರಿಗೆ ಗೊತ್ತು? ಷಡಕ್ಷರಪ್ಪ, ನೀನೇ ಹೋಗಿ ಬಾಯಿ ಬಿಟ್ಟೆ ಅನ್ನು, ಇರೋ ರಿಯಾಯಿತಿನೂ ಕಿತ್ಕೊಂತಾರೆ. ಆಮೇಲೆ ಈ ಭೈರಪ್ಪನ ಗತಿ ಏನು ಹೇಳು?"

ಷಡಕ್ಷರಪ್ಪನವರು ಭೈರಪ್ಪನ ಕಡೆ ನೋಡಿದರು. ಅವನು ಹೊಸ ಯಂತ್ರದ ಗುಂಡಿಯನ್ನು ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡುತ್ತಿದ್ದ.

"ಕಿತ್ಕೊಳ್ತಾರಾ ಸುಭದ್ರಾ?"

"ನನ್ನ ಕಾಗದದ ವಿಷಯದಲ್ಲಿ ನಾನೂ ಒಮ್ಮೆ ಸುಂಕದ ಕಟ್ಟೇಲಿ ಕೇಳಿದ್ದೆ ಭಾವ. ತಿಳೀದೆ ಬೇರೆ ಕಡೆ ಬಳಸಿದ್ರೆ ತಾನಾಗಿ ಬಂದು ಹೇಳಿ, ಸುಂಕ ಕಟ್ಟಿ, ರಸೀದಿ ಇಟ್ಕೊಂಡ್ರೆ ಆಯ್ತು, ರಿಯಾಯಿತಿ ಹೋಗಲ್ಲ ಅಂದ್ರು. ಮುಚ್ಚಿಟ್ಟದ್ದು ಅವರಿಗೇ ಸಿಕ್ಕಿದ್ರೆ ಮಾತ್ರ ಹೋಗುತ್ತೆ."

"ಹೋದ್ರೂ ಕೊಡೋದು ಕೊಡಲೇಬೇಕು" ಎಂದರು ಷಡಕ್ಷರಪ್ಪನವರು. "ಮಠದ ಅನ್ನ ಪ್ರಸಾದನಿಲಯದಲ್ಲಿ ಉಂಡ್ರೆ ಪ್ರಸಾದ. ಮನೆಗೆ ಕದ್ದು ತಂದ್ರೆ ಏನಂತಾರೆ?"

ಜಂಬಣ್ಣ ತೆಂಗಿನಕಾಯಿಯ ಚೂರು ಬಾಯಿಗೆ ಹಾಕಿಕೊಂಡ. ಶಂಕರಮ್ಮ ಗಂಡನ ಪೇಟ ತಂದು ಕೈಗೆ ಕೊಟ್ಟರು.

ಇದನ್ನು ಓದುತ್ತಿರುವ ಅಣ್ಣಂದಿರೆ, ಅಕ್ಕಂದಿರೆ, ನಿಮ್ಮ ಮನೆಯಲ್ಲೂ ಒಂದು ಕುಲುಮೆಯೋ, ಮಗ್ಗವೋ, ಗಾಣವೋ ಇರಬಹುದು. ಅದು ನಿಲ್ಲುವ ಹಾಗಾಗಿದ್ದರೆ ಬಾಯಿ ಮುಚ್ಚಿಕೊಂಡು ಕೊರಗಬೇಡಿ. ನಿಮ್ಮ ಊರಿನ ಹತ್ತಿರ ಹೊಸ ಉದ್ಯಮಕ್ಕೆಂದು ಜಾಗ ತೆಗೆದಿದ್ದಾರೆಯೇ, ಅಲ್ಲಿಗೆ ಯಾವ ತೆರಿಗೆಯಲ್ಲಿ ರಿಯಾಯಿತಿ, ಎಷ್ಟು ಕಾಲ, ಯಾವ ಷರತ್ತು ಎಂದು ಕಚೇರಿಗೆ ಹೋಗಿ ಕೇಳಿ. ಕೆಲಸ ಶುರು ಮಾಡುವ ಮೊದಲೇ ಕೇಳಿ. ಕೇಳುವುದು ಭಿಕ್ಷೆಯಲ್ಲ. ಸಸಿಗೆ ಬೇಲಿ ಕಟ್ಟುವುದು ಮರವಾಗಲಿ ಎಂದು, ಮರವಾದ ಮೇಲೆ ಊರಿಗೆಲ್ಲ ನೆರಳಾಗಲಿ ಎಂದು. ಆದರೆ ಒಂದು ಸಸಿಯ ಬೇಲಿಯನ್ನು ಕಿತ್ತು ಇನ್ನೊಂದು ಕಡೆ ಹಾಕಬೇಡಿ. ತಪ್ಪಾಗಿದ್ದರೆ ಹೆದರಿ ಅಡಗಬೇಡಿ, ಹೋಗಿ ಹೇಳಿ. ನೇರ ದಾರಿಯಲ್ಲಿ ಬಂದ ಅನುಕೂಲಕ್ಕೆ ಶಿವನ ಒಪ್ಪಿಗೆಯೂ ಇರುತ್ತದೆ.

ಷಡಕ್ಷರಪ್ಪನವರು ಅದೇ ಮಧ್ಯಾಹ್ನ ಸುಂಕದ ಕಟ್ಟೆಯ ಕಿಟಕಿಯ ಮುಂದೆ, ಗಾಡಿಯವರ ಹಿಂದೆ ಸರದಿಯಲ್ಲಿ ನಿಂತರು. ಅವರ ಸರದಿ ಬಂದಾಗ ಗುಮಾಸ್ತ ಭೂತಪ್ಪ ತಲೆಯೆತ್ತದೆ, "ಏನು ಮಾಲು? ಗಾಡಿ ಎಲ್ಲಿ?" ಎಂದ.

"ಮಾಲು ಒಳಗೆ ಹೋಗಿ ಆಯ್ತು ಸ್ವಾಮಿ. ಸುಂಕ ಹೊರಗೇ ಉಳಿದಿತ್ತು."

ಭೂತಪ್ಪ ತಲೆಯೆತ್ತಿದ. ಷಡಕ್ಷರಪ್ಪನವರು ವಿಷಯವನ್ನೆಲ್ಲ ಹೇಳಿ, ರಿಯಾಯಿತಿ ಚೀಟಿಯ ಜೊತೆ ಸುಂಕದ ಹಣದ ಮಡಿಸಿದ ನೋಟುಗಳನ್ನು ಕಿಟಕಿಯೊಳಗೆ ಮೆಲ್ಲಗೆ ಸರಿಸಿದರು. ಭೂತಪ್ಪ ಹಣ ಎಣಿಸಿ, ರಸೀದಿ ಬರೆದು, ಚೀಟಿಯನ್ನು ಹಾಗೇ ಹಿಂದಕ್ಕೆ ಕೊಟ್ಟ.