ಹಿಡಿದ ತಂತಿ, ಹಾಕಿದ ಚಿಲಕ

ಧಡ್ ಧಡ್ ಧಡ್, ಬಚ್ಚಲ ಬಾಗಿಲು, ತಮ್ಮ ಭೀಮೇಶನದೇ ಕೈ, ಈ ಮನೆಯಲ್ಲಿ ಕೂತು ಕೆಲಸ ಮಾಡಿದ ಹಾಗೆಯೇ ಎಂದು ದುರ್ಗಾ ಲ್ಯಾಪ್‌ಟಾಪಿಗೆ ಇನ್ನಷ್ಟು ಬಾಗಿದಳು — ಆಯಿ ಮತ್ತ ಒಳಗ ಚಿಲಕ ಹಾಕಿ ಹಿತ್ತಲ ಬಾಗಲಿಂದ ಹೋಗ್ಯಾಳ, ನಾ ಜಳಕಾ ಮಾಡೂದು ಯಾವಾಗ ಬೇ ಅಕ್ಕಾ, ಹೋಗಿರ್ತಾಳ ಬಿಡಲೇ ಎಂದಳು ಕಣ್ಣೆತ್ತದೆ, ಅಜ್ಜಿ ದುಂಡವ್ವಾಯಿಯ ಈ ಚಾಳಿ ಓಣಿಗೆಲ್ಲ ಗೊತ್ತು, ಸ್ನಾನ ಮುಗಿಸಿ ಆಚೆ ಬಾಗಿಲಿನಿಂದ ಹಿತ್ತಲಿಗೆ, ಹಿತ್ತಲಿಂದ ಪಕ್ಕದ ಮನೆಯ ಖಾದರಬಿ ಚಾಚಿಯ ಕಟ್ಟೆಗೆ, ಚಹಾ, ಹರಟೆ, ಇತ್ತ ಮನೆಮಂದಿ ಹೆಗಲಿಗೆ ಟವೆಲ್ ಹಾಕಿಕೊಂಡು ಆ ಚಿಲಕವನ್ನು ಶಪಿಸುತ್ತ ನಿಂತಿರಬೇಕು, ಇರಲಿ, ಈ ಸಾಲು ನೋಡು ದುರ್ಗಾ, ಇಲ್ಲೇ ಏನೋ ಇದೆ, ಲಸಿಕೆ ಇಡುವ ಫ್ರಿಜ್ಜನ್ನು ನಡೆಸುವ ಕೋಡು, ಡ್ರೈವರ್, ಎರಡೇ ತಂತಿ, ಆ ಜೋಡಿಗೆ ಬಸ್ ಎಂದು ಹೆಸರು, ಒಂದು ಮಾತಿಗೆ, ಒಂದು ತಾಳಕ್ಕೆ, ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು, ತಾಪ ಹೇಳುವ ಸೆನ್ಸರ್ ಉತ್ತರ ಕೊಡದಿದ್ದರೆ ಕೊಂಚ ಕಾಯುವುದು, ಆಮೇಲೆ, ಆಮೇಲೆ ಕೋಡು ಏನು ಮಾಡುತ್ತದೆ, ಟೈಮ್‌ಔಟ್, ಕಾಯುವ ಹೊತ್ತು ಮುಗಿಯಿತು, ಎಂದು ಬರೆದಿಟ್ಟು ಹೊರಟೇ ಹೋಗುತ್ತದೆ, ಅಲ್ಲಿ ಯಾರೂ ಇಲ್ಲ ಎಂದುಕೊಂಡು — ಇಲ್ಲ ಅಂತ ಹೇಳಿದವರು ಯಾರು, ಸೆನ್ಸರ್ ಅಲ್ಲೇ ಇದೆ, ಅರ್ಧ ಮಾತಿನಲ್ಲಿ ಸಿಕ್ಕಿಕೊಂಡು ತಂತಿ ಹಿಡಿದು ಕೂತಿದೆ, ಬಿಡಲಾರದೆ, ಫ್ರಿಜ್ಜು ಬಿಸಿಯಾದರೂ ಯಾರಿಗೂ ಹೇಳಲಾರದೆ, ಸಿಕ್ಕಿತು, ಸಿಕ್ಕೇಬಿಟ್ಟಿತು, ಎದ್ದು ಕುಣಿಯಬೇಕು ಅನ್ನಿಸುತ್ತಿದೆ. ಆದರೆ ಈ ಕೋಡು ಬರೆದವರು ಯಾರು, ಇದೇ ಕೆಲಸದಲ್ಲಿ ತಲೆ ನೆರೆಸಿಕೊಂಡವರು, ಜಗತ್ತೇ ಓದುವ ಮೇಲಿಂಗ್ ಲಿಸ್ಟಿನಲ್ಲಿ ಮೊದಲ ಸಲ ಬಾಯಿ ತೆರೆಯುವ ಮೊರಬ ಊರಿನ ಹುಡುಗಿ ಅಂಥವರಿಗೆ ತಪ್ಪಿದ್ದೀರಿ ಅನ್ನುವುದೇ, ನಗೆಪಾಟಲಾದರೆ, ಆಗಲಿ, ಕೇಳಿದರ ಬಾಯೇನ ಸವೀತೈತಿ ಅಂತಾಳಲ್ಲ ಆಯಿ, ಬೆರಳುಗಳು ಓಡುತ್ತಿವೆ, ಸುಮ್ಮನಿದ್ದಾರೆಂದರೆ ಹೋದರು ಎಂದಲ್ಲ, ತಂತಿ ಬಿಡುವ ತನಕ ತಾಳ ತಟ್ಟುತ್ತಲೇ ಇರಬೇಕು, ತಟ್ಟದೆ ಹೊರಡಬಾರದು, ಭಲೆ ದುರ್ಗಾ, ಇನ್ನು ಕಳಿಸುವುದೊಂದೇ ಬಾಕಿ.

ಗುಂಡಿಯ ಮೇಲೆ ಬೆರಳು, ಅಷ್ಟರಲ್ಲಿ ಹಿತ್ತಲಿಂದ ಭೀಮೇಶ, ಅಕ್ಕಾ, ಚಾಚಿ ಕೇಳಾಕತ್ತಾಳ, ಇವತ್ತ ಆಯಿ ಚಹಾಕ್ಕ ಯಾಕ ಬಂದಿಲ್ಲಂತ, ಬೆರಳು ಅಲ್ಲೇ ನಿಂತಿತು, ಹೋಗಿರ್ತಾಳ ಬಿಡಲೇ ಅಂದವರು ಯಾರು, ತಾನೇ, ಈಗಷ್ಟೇ, ಇದೇ ಬಾಯಿಂದ, ಕುರ್ಚಿ ಉರುಳಿತು, ಆಯೀ, ಬಾಗಿಲಿಗೆ ಎರಡೂ ಅಂಗೈ, ಆ ಕಡಿ ಹಿತ್ತಲ ಬಾಗಲಾ ನೋಡಲೇ ಭೀಮ್ಯಾ, ಅದೂ ಒಳಗಿಂದನ ಹಾಕೇತಿ ಅಕ್ಕಾ, ತಟ್ಟು, ನಿಲ್ಲಿಸಬೇಡ, ತಟ್ಟು — ಟಣ್, ಒಳಗೆ ತಂಬಿಗೆ ನೆಲಕ್ಕೆ ಬಡಿದ ಸದ್ದು, ಮತ್ತೆ ಟಣ್, ಅದೀನಿ ಬೇ, ಕಾಲ ಜಾರಿತು, ಕಣ್ಣಿಗೆ ಕತ್ತಲಿ ಬಂದಿತ್ತು, ಏಳಾಕ ಬರವಲ್ದು, ಆಯಿಯ ಸಣ್ಣ ದನಿ, ಇದ್ದಾಳೆ, ಅಲ್ಲೇ ಇದ್ದಾಳೆ, ಖುಷಿಗೆ ಅಳು ಬರುತ್ತಿದೆ, ಚಿಲಕ ಎಟಕತೈತೇನ ಆಯಿ, ತಡಿ ನೋಡತೀನಿ, ಬಾಗಿಲ ಬಿರುಕಿಗೆ ಕಣ್ಣು, ಕೆಳಗಿನಿಂದ ಏರಿ ಬರುವ ಒದ್ದೆ ಬೆರಳು, ಚಿಲಕಕ್ಕೆ ತಾಗುತ್ತದೆ, ಜಾರುತ್ತದೆ, ಮತ್ತೆ ತಾಗುತ್ತದೆ, ಚಿಲಕ, ಬೆರಳು, ಚಿಲಕ, ಅದು ಬಿಡುವ ತನಕ ದುರ್ಗಾಳ ಅಂಗೈ ಬಾಗಿಲು ತಟ್ಟುತ್ತಲೇ ಇದೆ.